ತೇರು ನಡೆಸುವವರ ಮುಖ ಎತ್ತ ಕಡೆ?

ಜಾತ್ರೆ ಮುಗಿದ ಮರುದಿನ ಪೇಪರ್ ತೆಗೆದು ನೋಡಿ. ಊರು ಯಾವುದೇ ಇರಲಿ, ಚಿತ್ರ ಹೆಚ್ಚುಕಮ್ಮಿ ಒಂದೇ. ಮಧ್ಯದಲ್ಲಿ ತೇರು, ಅದರ ಸುತ್ತ ಮಂಡಕ್ಕಿ ಚೆಲ್ಲಿದ ಹಾಗೆ ತಲೆಗಳು, ಕೆಳಗೆ ‘ಹರಿದುಬಂದ ಭಕ್ತಸಾಗರ’ ಎಂಬ ಸಾಲು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಾದರೂ ಅಷ್ಟೇ, ಕೊಟ್ಟೂರು ಗುರುಬಸವೇಶ್ವರನ ತೇರಾದರೂ ಅಷ್ಟೇ, ನಮ್ಮ ಜಗಳೂರು ತಾಲ್ಲೂಕಿನ ಕೊಡದಗುಡ್ಡದ ವೀರಭದ್ರಸ್ವಾಮಿ ತೇರಾದರೂ ಅಷ್ಟೇ. ಈಗ ಡ್ರೋನ್ ಬಂದ ಮೇಲಂತೂ ತಲೆಗಳು ಇನ್ನೂ ಸಣ್ಣವಾಗಿವೆ. ಅದರಲ್ಲಿ ನಾನೆಲ್ಲಿದ್ದೇನೆ, ನೀವೆಲ್ಲಿದ್ದೀರಿ ಎಂದು ಹುಡುಕಿದರೆ ಸಿಗುವುದಿಲ್ಲ.

ಬಿಳಿಚೋಡಿನ ಸುತ್ತಮುತ್ತ ಬೆಳೆದವರಿಗೆ ಮೆರವಣಿಗೆ ಹೊಸದಲ್ಲ. ತೇರು, ಪಲ್ಲಕ್ಕಿ, ಪೀರಲ ಹಬ್ಬದ ದೇವರುಗಳು, ಗಣಪತಿ ಬಿಡುವ ದಿನದ ಟ್ರ್ಯಾಕ್ಟರ್ ಸಾಲು, ಎರಡು ವರ್ಷಕ್ಕೊಮ್ಮೆ ದಾವಣಗೆರೆಯ ದುರ್ಗಾಂಬಿಕೆ ಜಾತ್ರೆ. ವರ್ಷದಲ್ಲಿ ಒಂದಲ್ಲ ಒಂದು ಕಾರಣಕ್ಕೆ ಬೀದಿ ತುಂಬುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ, ಮದುವೆ ಸೀಸನ್ನಿನಲ್ಲಿ ಸ್ಟುಡಿಯೊದವರ ಜೊತೆ ಲೈಟ್ ಹಿಡಿಯಲು ಹೋಗುವ ನನಗೆ ಈ ಜನಜಂಗುಳಿಯನ್ನು ಬೇರೆ ರೀತಿ ಹಿಡಿಯಬಹುದೇ ಎಂಬ ಹುಚ್ಚು ಹತ್ತಿ ಎರಡು ವರ್ಷವಾಯಿತು. ಕೈಯಲ್ಲಿರುವುದು ಸಾಧಾರಣ ಮೊಬೈಲ್ ಮತ್ತು ಒಂದು ಹಳೆಯ ಟ್ರೈಪಾಡ್. ಆದರೆ ಕಲಿತದ್ದು ಕ್ಯಾಮೆರಾದ ಬಗ್ಗೆ ಕಡಿಮೆ, ಜನರ ಬಗ್ಗೆ ಹೆಚ್ಚು.

ನಿಂತವನಷ್ಟೇ ಉಳಿದ ಬೀದಿ

ಫೋಟೊಗ್ರಫಿಯ ಇತಿಹಾಸದಲ್ಲಿ ಜನಸಂದಣಿಯ ಕತೆ ಶುರುವಾಗುವುದೇ ಒಂದು ಖಾಲಿ ಬೀದಿಯಿಂದ. 1838ರಲ್ಲಿ ಫ್ರಾನ್ಸಿನ ಲೂಯಿ ಡಾಗೇರ್ ಪ್ಯಾರಿಸ್ಸಿನ ‘ಬುಲೆವಾರ್ ದು ಟೆಂಪಲ್’ ಎಂಬ ರಸ್ತೆಯನ್ನು ಎತ್ತರದ ಕಿಟಕಿಯೊಂದರಿಂದ ಚಿತ್ರಿಸಿದ. ಅದು ಗಾಡಿ, ಕುದುರೆ, ಜನರಿಂದ ಗಿಜಿಗುಡುವ ರಸ್ತೆ. ಆದರೆ ಆಗಿನ ತಗಡಿನ ಮೇಲೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೀಳಬೇಕಿತ್ತು. ಓಡಾಡಿದವರು ಯಾರೂ ಅಷ್ಟು ಹೊತ್ತು ಒಂದೇ ಕಡೆ ಇರಲಿಲ್ಲವಾದ್ದರಿಂದ ಯಾರೂ ಮೂಡಲಿಲ್ಲ. ಮೂಲೆಯಲ್ಲಿ ಒಬ್ಬ ಮಾತ್ರ ಸ್ಪಷ್ಟವಾಗಿ ಉಳಿದ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲು ಚಾಚಿ ನಿಂತವನು ಅವನು. ಅವನ ಮುಂದೆ ಪಾಲಿಶ್ ಮಾಡುವವನ ಆಕಾರವೂ ಮಸುಕಾಗಿ ಕಾಣುತ್ತದೆ. ಫೋಟೊದಲ್ಲಿ ಸಿಕ್ಕ ಮೊದಲ ಮನುಷ್ಯರು ಎಂದು ಹೇಳುವುದು ಇವರನ್ನೇ. ಒಬ್ಬ ಗಿರಾಕಿ, ಇನ್ನೊಬ್ಬ ಕೂಲಿ.

ಆಗ ಅದು ತಂತ್ರದ ಮಿತಿ. ಮುಂದೆ ಅದನ್ನೇ ಕೆಲವರು ಬೇಕೆಂದೇ ಬಳಸಿದರು. ಸೋವಿಯತ್ ಒಕ್ಕೂಟ ಒಡೆದುಹೋದ ಮರುವರ್ಷ, 1992ರಲ್ಲಿ, ರಷ್ಯಾದ ಅಲೆಕ್ಸಿ ಟಿಟರೆಂಕೊ ಸೇಂಟ್ ಪೀಟರ್ಸ್‌ಬರ್ಗ್‌ನ ಮೆಟ್ರೊ ನಿಲ್ದಾಣವೊಂದರ ಮೆಟ್ಟಿಲ ಬಳಿ ಕ್ಯಾಮೆರಾ ಇಟ್ಟು ದೀರ್ಘ ಎಕ್ಸ್‌ಪೋಷರ್ ಕೊಟ್ಟ. ನುಗ್ಗುವ ಜನ ಹೊಗೆಯಂತಾದರು. ಕಂಬಿ ಹಿಡಿದ ಕೈಗಳಷ್ಟೇ ಅಲ್ಲಲ್ಲಿ ಉಳಿದವು. ಹಸಿವು, ಅನಿಶ್ಚಿತತೆಯ ಆ ಕಾಲದಲ್ಲಿ ಜನ ನೆರಳುಗಳಂತೆ ಕಂಡರು ಎಂಬುದನ್ನು ಅವನು ಹಾಗೆ ಹೇಳಿದ. ‘ಸಿಟಿ ಆಫ್ ಶ್ಯಾಡೋಸ್’ ಎಂಬ ಆ ಸರಣಿ ಅವನಿಗೆ ಹೆಸರು ತಂದಿತು. ನಮ್ಮ ದೇಶದಲ್ಲಿ ರಘು ರಾಯ್ ಅವರು 1995ರಲ್ಲಿ ಮುಂಬೈನ ಚರ್ಚ್‌ಗೇಟ್ ನಿಲ್ದಾಣದಲ್ಲಿ ತೆಗೆದ ಚಿತ್ರವೂ ಇದೇ ಜಾತಿಯದು. ಲೋಕಲ್ ರೈಲಿನ ಜನ ಪ್ರವಾಹದಂತೆ ಕದಡಿಹೋಗಿದ್ದಾರೆ, ನಡುವೆ ಪೇಪರ್ ಓದುತ್ತಾ ಕೂತವರು ಮಾತ್ರ ಕಲ್ಲಿನಂತೆ ಸ್ಪಷ್ಟ.

ಮೂರೂ ಚಿತ್ರಗಳ ಗುಟ್ಟು ಒಂದೇ: ಶಟರ್ ಹೆಚ್ಚು ಹೊತ್ತು ತೆರೆದಿದ್ದರೆ ಚಲಿಸುವವರು ಅಳಿಯುತ್ತಾರೆ, ನಿಂತವರು ಉಳಿಯುತ್ತಾರೆ.

ಮೂವತ್ತು ಚಿತ್ರ, ಒಂದು ಜಾತ್ರೆ

ಮೊಬೈಲ್‌ನಲ್ಲಿ ಹಗಲು ಹೊತ್ತು ಶಟರನ್ನು ಅಷ್ಟು ಹೊತ್ತು ತೆರೆದಿಟ್ಟರೆ ಚಿತ್ರ ಬೆಳ್ಳಗಾಗಿಬಿಡುತ್ತದೆ. ಅದಕ್ಕೆ ಬೇರೆ ದಾರಿ ಇದೆ. ಮೊಬೈಲನ್ನು ಅಲುಗಾಡದಂತೆ ಇಟ್ಟು ಒಂದೇ ಜಾಗದ 30 ಫೋಟೊ ತೆಗೆಯಿರಿ. ಆಮೇಲೆ ಜಿಂಪ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಹೊದಿಸಿ ಸರಾಸರಿ ಬರುವಂತೆ ಮಾಡಿ. ಲೆಕ್ಕ ಸುಲಭ. ಒಂದೇ ಫೋಟೊದಲ್ಲಿ ಹಾದುಹೋದವರಿಗೆ ಸಿಗುವುದು ಮೂವತ್ತರಲ್ಲಿ ಒಂದು ಪಾಲು, ಅಂದರೆ ಗಾಜಿನ ಮೇಲಿನ ಉಸಿರಿನಷ್ಟು. ಮೂವತ್ತರಲ್ಲೂ ನಿಂತವರು ಪೂರ್ತಿ ಉಳಿಯುತ್ತಾರೆ. ಸರಾಸರಿಯ ಬದಲು ಮಧ್ಯಾಂಕ ತೆಗೆದರೆ, ಅದೇ ನಮ್ಮ ಪರೀಕ್ಷೆಯ ಅಂಕಿಅಂಶ ಪಾಠದ ಮಧ್ಯಾಂಕ, ಓಡಾಡುವವರು ಸಂಪೂರ್ಣ ಮಾಯ. ಪ್ರವಾಸಿ ತಾಣಗಳ ‘ಜನರಿಲ್ಲದ’ ಚಿತ್ರಗಳನ್ನು ಹೀಗೂ ಮಾಡುತ್ತಾರೆ.

ಪಕ್ಕದ ಊರಿನ ಜಾತ್ರೆಯಲ್ಲಿ ಇದನ್ನು ಮಾಡಿ ನೋಡಿದೆ. ದೇವಸ್ಥಾನದ ಮುಂದಿನ ಅಂಗಡಿ ಸಾಲಿಗೆ ಎದುರಾಗಿ ಶಾಲೆಯ ಜಗಲಿಯ ಮೇಲೆ ಟ್ರೈಪಾಡ್ ಇಟ್ಟು, ಸಂಜೆ ಐದರಿಂದ ಅರ್ಧ ಗಂಟೆ, ನಿಮಿಷಕ್ಕೊಂದು ಫೋಟೊ. ಸಾವಿರಾರು ಜನ ಹಾದುಹೋಗಿದ್ದರು. ಸರಾಸರಿ ತೆಗೆದಾಗ ಅವರೆಲ್ಲ ಬೀದಿಯ ಮೇಲೆ ಹರಡಿದ ಬಣ್ಣದ ಮಂಜಾದರು. ಅದರಲ್ಲಿ ಕಣ್ಣು ಮೂಗು ಸಮೇತ ಉಳಿದವರು ಆರು ಜನ. ಬಳೆ ಮಲಾರದ ಹೆಂಗಸು, ಮಿರ್ಚಿ ಬಾಂಡ್ಲಿಯ ಮುಂದೆ ಕೂತವನು, ಬೆಂಡು ಬತ್ತಾಸಿನ ಅಜ್ಜಿ, ಚಪ್ಪಲಿ ಕಾಯುವ ಹುಡುಗ, ಒಬ್ಬ ಹೋಂಗಾರ್ಡ್, ಗೋಡೆಗೊರಗಿ ಕೈಚಾಚಿ ಕೂತ ಮುದುಕ.

ನಾನು ಆರಿಸಿದ್ದಲ್ಲ. ಲೆಕ್ಕ ಆರಿಸಿದ್ದು. ಜಾತ್ರೆ ಎಂದರೆ ತಿರುಗಾಡುವವರದ್ದು ಎಂದುಕೊಂಡಿದ್ದೆ. ಚಿತ್ರ ಹೇಳಿದ್ದು, ಜಾತ್ರೆಯಲ್ಲಿ ಅಲುಗಾಡದೆ ಇರುವವರು ದುಡಿಯುವವರು ಮತ್ತು ಬೇಡುವವರು ಎಂದು. 1838ರ ಪ್ಯಾರಿಸ್ಸಿನ ಬೂಟು ಪಾಲಿಶ್‌ನವನು ನೆನಪಾದದ್ದು ಆಗಲೇ.

ಕಲ್ಲಿನ ಮೇಲಿನ ಉದ್ದನೆಯ ಫೋಟೊ

ಜಾತ್ರೆ ಒಂದು ಜಾಗದಲ್ಲಿ ಸುತ್ತುತ್ತದೆ, ಮೆರವಣಿಗೆ ಹಾಗಲ್ಲ. ಅದಕ್ಕೆ ತಲೆಯಿದೆ, ಬಾಲವಿದೆ. ಮುಂದೆ ಡೊಳ್ಳು, ನಂದಿಕೋಲು, ಸಮಾಳ, ಆಮೇಲೆ ಪಲ್ಲಕ್ಕಿ, ಆಮೇಲೆ ಆರತಿ ತಟ್ಟೆಯ ಹೆಣ್ಣುಮಕ್ಕಳು. ಒಂದು ಚೌಕಟ್ಟಿನಲ್ಲಿ ಅದು ಹಿಡಿಸುವುದಿಲ್ಲ. ಹಿಂದಿನವರು ಇದಕ್ಕೆ ಉಪಾಯ ಕಂಡುಕೊಂಡಿದ್ದರು. ನಮಗೆ ದೂರವಲ್ಲದ ಹಂಪಿಯ ಹಜಾರರಾಮ ದೇವಸ್ಥಾನದ ಪ್ರಾಕಾರದ ಹೊರಗೋಡೆಯನ್ನು ನೋಡಿದವರಿಗೆ ಗೊತ್ತು. 15ನೇ ಶತಮಾನದ ಆ ಗುಡಿಯ ಗೋಡೆಯುದ್ದಕ್ಕೂ ಸಾಲು ಸಾಲು ಆನೆಗಳು, ಕುದುರೆಗಳು, ಸೈನಿಕರು, ಕುಣಿಯುವ ಹೆಂಗಸರು. ವಿಜಯನಗರದ ಮಹಾನವಮಿಯ ಮೆರವಣಿಗೆ ಇದು ಎಂದು ವಿದ್ವಾಂಸರು ಹೇಳುತ್ತಾರೆ. ನಾವು ನಡೆದಂತೆ ಅದೂ ನಡೆಯುತ್ತದೆ. ಗ್ರೀಸಿನ ಅಥೆನ್ಸ್‌ನವರೂ ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಇದನ್ನೇ ಮಾಡಿದರು. ಪಾರ್ಥೆನಾನ್ ಗುಡಿಯ ಸುತ್ತ ಸುಮಾರು 160 ಮೀಟರ್ ಉದ್ದಕ್ಕೆ ಅಥೀನಾ ದೇವಿಯ ಹಬ್ಬದ ಮೆರವಣಿಗೆಯನ್ನು ಅಮೃತಶಿಲೆಯಲ್ಲಿ ಕೆತ್ತಿದರು ಎಂಬುದು ಬಹುಪಾಲು ಪಂಡಿತರ ಅಭಿಪ್ರಾಯ.

ಇನ್ನೂ ಹತ್ತಿರದ ಉದಾಹರಣೆ ಮೈಸೂರು ಅರಮನೆಯದು. ಅಲ್ಲಿನ ಕಲ್ಯಾಣಮಂಟಪದ ಗೋಡೆಗಳ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ದಸರಾ ಮೆರವಣಿಗೆ ಫಲಕದಿಂದ ಫಲಕಕ್ಕೆ ಮುಂದುವರಿಯುತ್ತದೆ. ಕಲಾವಿದರು ಇವನ್ನು ಬರೆದದ್ದು ನಿಜವಾದ ಮೆರವಣಿಗೆಯ ಫೋಟೊಗಳನ್ನು ಆಧರಿಸಿ. ಅಂದರೆ ಫೋಟೊ ಬಂದ ಮೇಲೂ ಮೆರವಣಿಗೆಯ ಉದ್ದ ಹಿಡಿಯಲು ಕುಂಚವೇ ಬೇಕಾಯಿತು.

ಆ ಉದ್ದವನ್ನು ಕ್ಯಾಮೆರಾದಲ್ಲೇ ಹಿಡಿಯುವ ಒಂದು ತಂತ್ರವಿದೆ. ಹೆಸರು ಸ್ಲಿಟ್‌ಸ್ಕ್ಯಾನ್. ಓಟದ ಸ್ಪರ್ಧೆಯಲ್ಲಿ ಯಾರು ಮೊದಲು ಗೆರೆ ದಾಟಿದರು ಎಂದು ತೀರ್ಮಾನಿಸುವ ಫೋಟೊ ಫಿನಿಶ್ ಕ್ಯಾಮೆರಾ ಕೆಲಸ ಮಾಡುವುದು ಇದೇ ತತ್ವದ ಮೇಲೆ. ಬೀದಿಗೆ ಅಡ್ಡಲಾಗಿ ಮೊಬೈಲ್ ಇಟ್ಟು ವಿಡಿಯೊ ತೆಗೆಯುತ್ತೇವೆ. ಪ್ರತಿ ಫ್ರೇಮಿನಿಂದ ನಟ್ಟನಡುವಿನ ಕೂದಲೆಳೆಯಷ್ಟು ಅಗಲದ ಒಂದು ಪಟ್ಟಿಯನ್ನು ಮಾತ್ರ ಕತ್ತರಿಸಿ ಪಕ್ಕ ಪಕ್ಕ ಜೋಡಿಸುತ್ತೇವೆ. ಸೆಕೆಂಡಿಗೆ 30 ಫ್ರೇಮಿನಂತೆ ಮೂರು ನಿಮಿಷಕ್ಕೆ 5,400 ಪಟ್ಟಿಗಳು. ಅಂದರೆ 5,400 ಪಿಕ್ಸೆಲ್ ಅಗಲದ ಒಂದೇ ಚಿತ್ರ. ಬಾಗಿಲ ಸಂದಿಯಿಂದ ಮೆರವಣಿಗೆ ನೋಡಿ, ಕಂಡದ್ದನ್ನೆಲ್ಲ ಸಾಲಾಗಿ ಹೊಲಿದಂತೆ. ಬಿಸಿಎ ಓದುವ ಗೆಳೆಯನೊಬ್ಬ ಪೈಥಾನ್‌ನಲ್ಲಿ ಇಪ್ಪತ್ತು ಸಾಲಿನೊಳಗೆ ಇದಕ್ಕೆ ಪ್ರೋಗ್ರಾಂ ಬರೆದುಕೊಟ್ಟ.

ಬಂದ ಚಿತ್ರ ವಿಚಿತ್ರವಾಗಿರುತ್ತದೆ. ಇಲ್ಲಿ ಎಡದಿಂದ ಬಲಕ್ಕೆ ಇರುವುದು ಜಾಗವಲ್ಲ, ಸಮಯ. ಹಿಂದಿನ ಗೋಡೆ ಅಡ್ಡ ಗೆರೆಗಳಾಗಿಬಿಡುತ್ತದೆ. ಓಡುವ ಹುಡುಗರು ಕಡ್ಡಿಯಂತೆ ಸಣಕಲು. ನಿಧಾನಕ್ಕೆ ನಡೆಯುವ ಅಜ್ಜಿ ಅಗಲ. ತೇರು ನಿಂತುಬಿಟ್ಟರೆ ಅದು ರಬ್ಬರಿನಂತೆ ಉದ್ದಕ್ಕೆ ಎಳೆದುಕೊಳ್ಳುತ್ತದೆ.

ಹಿಂದೆ ಮುಖ ಮಾಡಿದವರು

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಸಂಗತಿ. ಸ್ಲಿಟ್‌ಸ್ಕ್ಯಾನ್‌ನಲ್ಲಿ ನೀವು ಎಡಕ್ಕೆ ನಡೆದರೂ ಬಲಕ್ಕೆ ನಡೆದರೂ ಚಿತ್ರದಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿರುತ್ತೀರಿ. ಕಾರಣ ಸರಳ. ಯಾವ ಕಡೆಗೆ ಹೋದರೂ ಆ ಸಂದಿಯನ್ನು ಮೊದಲು ದಾಟುವುದು ಮೂಗು, ಆಮೇಲೆ ಕಿವಿ, ಕೊನೆಗೆ ಬೆನ್ನು. ಮೊದಲು ದಾಟಿದ್ದು ಚಿತ್ರದ ಎಡಕ್ಕೆ ಕೂರುತ್ತದೆ. ಹೀಗಾಗಿ ಗುಡಿಗೆ ಹೋಗುವವರೂ ಮನೆಗೆ ಮರಳುವವರೂ ಒಂದೇ ಕಡೆ ಹೊರಟವರಂತೆ ಕಾಣುತ್ತಾರೆ.

ಹಾಗಿದ್ದೂ ತೇರಿನ ಹತ್ತಿರ ಕೆಲವರು ಉಲ್ಟಾ ಮುಖ ಮಾಡಿದ್ದರು. ಮೊದಲು ಪ್ರೋಗ್ರಾಮಿನಲ್ಲೇ ಏನೋ ಎಡವಟ್ಟಾಗಿದೆ ಎನಿಸಿತು. ವಿಡಿಯೊ ಹಿಂದಕ್ಕೆ ಹಾಕಿ ನೋಡಿದೆವು. ಎಡವಟ್ಟಲ್ಲ. ಅವರು ನಿಜಕ್ಕೂ ಹಿಂದಡಿ ಇಡುತ್ತಾ ನಡೆಯುತ್ತಿದ್ದರು. ಬೆನ್ನು ಮೊದಲು ದಾಟಿದ್ದರಿಂದ ಚಿತ್ರದಲ್ಲಿ ತಿರುಗಿ ನಿಂತರು. ಯಾರು ಅವರು? ತೇರಿನ ಗಾಲಿಗೆ ಮರದ ಅಡ್ಡೆ ಕೊಡುವ ಇಬ್ಬರು. ಕೈಚಾಚಿ ಜನರನ್ನು ತಡೆಯುತ್ತಾ ದಾರಿ ಬಿಡಿಸುವ ಒಬ್ಬ ಹಿರಿಯರು. ಸ್ವಾಮಿಗೆ ಬೆನ್ನು ತೋರಿಸಬಾರದೆಂದು ತೇರಿನತ್ತ ಮುಖ ಮಾಡಿ ಬಾರಿಸುತ್ತಾ ಬಂದ ಸಮಾಳದವರು.

ಬರಿಗಣ್ಣಿನಲ್ಲಿ ಚಿಕ್ಕಂದಿನಿಂದ ನೂರು ಸಲ ನೋಡಿದ ದೃಶ್ಯ. ಎಂದೂ ಕಂಡಿರಲಿಲ್ಲ. ಸಾವಿರ ಜನ ಒಂದೇ ಕಡೆ ನೋಡುತ್ತಾ ನಡೆಯಬೇಕಾದರೆ, ಹತ್ತು ಜನ ಅವರತ್ತ ನೋಡುತ್ತಾ ಹಿಂದಕ್ಕೆ ನಡೆಯಬೇಕು.

ಆ ಚಿತ್ರವನ್ನು ಪ್ರಿಂಟ್ ಹಾಕಿಸಿ ಅಡ್ಡೆ ಕೊಡುವವರಲ್ಲಿ ಒಬ್ಬರಿಗೆ ತೋರಿಸಿದೆ. ಅವರು ನನ್ನ ತಂದೆಯ ವಯಸ್ಸಿನವರು, ಬಡಗಿ ಕೆಲಸದವರು. ಬಹಳ ಹೊತ್ತು ನೋಡಿದರು. “ಎಲ್ಲಾರ್ನೂ ಎಳ್ದು ಬಿಟ್ಟಿಯಲ್ಲಪ್ಪ” ಎಂದು ನಕ್ಕರು. ಆಮೇಲೆ, “ನಮ್ಮ ಕಣ್ಣು ಗಾಲಿ ಮೇಲೇ ಇರ್ಬೇಕು ತಮ್ಮಾ. ಇಷ್ಟು ವರ್ಷ ಆತು, ತೇರು ಹೋಗೋವಾಗ ಮ್ಯಾಲಿನ ಕಳಸ ಹೆಂಗ್ ಕಾಣ್ತತಿ ಅಂತ ನಾನು ನೋಡೇ ಇಲ್ಲ” ಎಂದರು. ಅದಕ್ಕೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಮುಂದಿನ ಸಲ ಕಳಸದ ಒಂದು ಫೋಟೊ ತೆಗೆದು ಕೊಟ್ಟೆ.

ಲಕ್ಷ ಜನ ಎಂದರೆ ಎಷ್ಟು ಜನ?

ಗುಂಪಿನ ಚಿತ್ರ ತೆಗೆಯುವವರಿಗೆ ಇನ್ನೊಂದು ಜವಾಬ್ದಾರಿ ಇದೆ. ದೂರದಿಂದ ಟೆಲಿ ಲೆನ್ಸ್‌ನಲ್ಲಿ ತೆಗೆದರೆ ಹತ್ತಡಿ ಅಂತರದಲ್ಲಿರುವವರೂ ಒಬ್ಬರ ಮೇಲೊಬ್ಬರು ಬಿದ್ದಂತೆ ಕಾಣುತ್ತಾರೆ. ಇನ್ನೂರು ಜನರ ಸಭೆ ಎರಡು ಸಾವಿರದಂತೆ ಕಾಣುತ್ತದೆ. ಅದೇ ಸಭೆಯನ್ನು ವೈಡ್ ಲೆನ್ಸ್‌ನಲ್ಲಿ ಎತ್ತರದಿಂದ ತೆಗೆದರೆ ಖಾಲಿ ಕುರ್ಚಿಗಳು ಕಾಣುತ್ತವೆ. ಎರಡೂ ಸುಳ್ಳಲ್ಲ. ಆದರೆ ಯಾವುದನ್ನು ತೋರಿಸುತ್ತೇವೆ ಎಂಬುದರಲ್ಲಿ ಸುಳ್ಳು ಹುಟ್ಟಬಹುದು. ರಾಜಕೀಯ ಸಮಾವೇಶಗಳ ಚಿತ್ರ ನೋಡುವಾಗ ಇದು ನೆನಪಿರಲಿ.

ಎಣಿಸಲು ಒಂದು ಹಳೆಯ ಉಪಾಯವಿದೆ. 1960ರ ದಶಕದಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಹರ್ಬರ್ಟ್ ಜೇಕಬ್ಸ್, ವಿದ್ಯಾರ್ಥಿಗಳ ಪ್ರತಿಭಟನೆಗಳನ್ನು ಮೇಲಿನಿಂದ ನೋಡಿ, ನೆಲದ ಚೌಕಗಳ ಲೆಕ್ಕದಲ್ಲಿ ಜನರನ್ನು ಎಣಿಸಿದರು. ಸಡಿಲವಾದ ಗುಂಪಿನಲ್ಲಿ ಒಬ್ಬರಿಗೆ ಸುಮಾರು 10 ಚದರ ಅಡಿ, ಒತ್ತಾದ ಗುಂಪಿನಲ್ಲಿ ಸುಮಾರು 4.5 ಚದರ ಅಡಿ ಎಂಬುದು ಅವರ ಸೂತ್ರ. ನಮ್ಮ ಕಡೆಯ ಒಂದು ತೇರು ಬೀದಿ 40 ಅಡಿ ಅಗಲ, 1,500 ಅಡಿ ಉದ್ದ ಇದೆ ಎಂದುಕೊಳ್ಳಿ. ಒಟ್ಟು 60,000 ಚದರ ಅಡಿ. ಬೀದಿ ಪೂರ್ತಿ ಒತ್ತಾಗಿ ತುಂಬಿದರೂ ಒಂದು ಹೊತ್ತಿಗೆ ನಿಲ್ಲುವವರು ಹದಿಮೂರು ಸಾವಿರದ ಆಸುಪಾಸು. ಲಕ್ಷ ಎಂದು ಬರೆಯುವ ಮುಂಚೆ ಒಮ್ಮೆ ಗುಣಿಸಿ ನೋಡಬಹುದು.

ಇದು ಬರೀ ಲೆಕ್ಕದ ಆಟವಲ್ಲ. ಗುಂಪು ಒತ್ತಾಗುತ್ತಾ ಹೋದಂತೆ ಒಂದು ಹಂತದ ನಂತರ ಯಾರೂ ತಮ್ಮ ಕಾಲಿನ ಮೇಲೆ ತಾವು ನಡೆಯುವುದಿಲ್ಲ, ಗುಂಪೇ ಅವರನ್ನು ತಳ್ಳುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಹೆಚ್ಚಿನವರು ನಮ್ಮ ವಯಸ್ಸಿನವರೇ. ಎತ್ತರದಲ್ಲಿ ನಿಂತು ಕ್ಯಾಮೆರಾ ಹಿಡಿದವನಿಗೆ ಒತ್ತಡ ಕೆಳಗಿನವರಿಗಿಂತ ಮೊದಲು ಕಾಣುತ್ತದೆ. ತಲೆಗಳ ನಡುವೆ ನೆಲ ಕಾಣುವುದು ನಿಂತಿತು, ಜನ ಅಲೆಯಂತೆ ತೂಗುತ್ತಿದ್ದಾರೆ ಎಂದು ಅನಿಸಿದ ಕ್ಷಣ ಶಟರ್ ಬಿಟ್ಟು ಹತ್ತಿರದ ಪೊಲೀಸರಿಗೆ ಹೇಳುವುದು ಒಳ್ಳೆಯ ಫೋಟೊಗಿಂತ ದೊಡ್ಡ ಕೆಲಸ.

ಕೇಳಿ ತೆಗೆಯುವುದು

ಬೀದಿಯಲ್ಲಿದ್ದವರೆಲ್ಲ ಫೋಟೊಗೆ ಒಪ್ಪಿದವರಲ್ಲ. ಇದನ್ನು ಕರ್ನಾಟಕ ಕಹಿಯಾಗಿಯೇ ಕಲಿತಿದೆ. ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. ಹರಕೆ ಹೊತ್ತ ಬಡ ಹೆಣ್ಣುಮಕ್ಕಳನ್ನು ನೋಡಲು, ಕ್ಯಾಮೆರಾದಲ್ಲಿ ಹಿಡಿಯಲು ಹೊರಗಿನವರು ಬರುತ್ತಿದ್ದರು. 1986ರ ಮಾರ್ಚ್‌ನಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರ ಮತ್ತು ಪೊಲೀಸರ ಮೇಲೆ ಹಲ್ಲೆ ನಡೆಯಿತು. ಆ ನಂತರ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಆಚರಣೆ ತಪ್ಪೇ ಆಗಿದ್ದರೂ, ಅದನ್ನು ತಮಾಷೆಯಾಗಿ ನೋಡಿದ ಕಣ್ಣು ಅದಕ್ಕಿಂತ ಒಳ್ಳೆಯದೇನೂ ಆಗಿರಲಿಲ್ಲ.

ಇಂದು ಮೈಮೇಲೆ ದೇವರು ಬಂದ ಹೆಂಗಸಿನ ಹದಿನೈದು ಸೆಕೆಂಡಿನ ರೀಲ್ಸ್ ಮಾಡಿ, ನಗುವ ಎಮೋಜಿ ಹಾಕಿ ಬಿಡುವವರು ನಮ್ಮಲ್ಲೇ ಇದ್ದಾರೆ. ಮರುದಿನ ಆಕೆ ಕೂಲಿಗೆ ಹೋಗಬೇಕು, ಆಕೆಯ ಮಗಳು ಕಾಲೇಜಿಗೆ ಬರಬೇಕು. ಇಂಥ ಕಡೆ ದೀರ್ಘ ಎಕ್ಸ್‌ಪೋಷರ್ ಒಂದು ಮರ್ಯಾದೆಯಂತೆ ಕೆಲಸ ಮಾಡುತ್ತದೆ. ಒಂದು ಸೆಕೆಂಡಿನ ಚಿತ್ರದಲ್ಲಿ ಸೀರೆಯ ಸುಳಿ, ಕುಂಕುಮದ ಕೆಂಪು, ಸುತ್ತ ನಿಂತವರ ಕೈಗಳು ಸಿಗುತ್ತವೆ, ಮುಖ ಸಿಗುವುದಿಲ್ಲ. ಆ ಕ್ಷಣದ ಬಿಸಿ ಉಳಿಯುತ್ತದೆ, ಆ ಮನುಷ್ಯರ ಗುರುತು ಉಳಿಯುವುದಿಲ್ಲ.

ಆದರೆ ಇದೇ ಎಲ್ಲಕ್ಕೂ ಉತ್ತರವಲ್ಲ. ಬೆಂಡು ಬತ್ತಾಸಿನ ಅಜ್ಜಿಗೆ ಸರಾಸರಿ ತೆಗೆದ ಚಿತ್ರ ತೋರಿಸಿದಾಗ ಆಕೆ ತನ್ನನ್ನು ಗುರುತಿಸಿದಳು. ಆದರೆ ಪಕ್ಕದಲ್ಲೇ ತಿರುಗಾಡಿಕೊಂಡಿದ್ದ ಮೊಮ್ಮಗಳು ಎಲ್ಲೂ ಇರಲಿಲ್ಲ. “ನಮ್ ಹುಡುಗಿ ಎಲ್ಲೈತಪ್ಪಾ ಇದ್ರಾಗೆ?” ಎಂದು ಕೇಳಿದಳು. ಒಬ್ಬರಿಗೆ ಅಳಿಸುವುದು ಮರ್ಯಾದೆ, ಇನ್ನೊಬ್ಬರಿಗೆ ಅಳಿಸುವುದು ಅನ್ಯಾಯ. ಯಾವುದು ಯಾರಿಗೆ ಎಂದು ತಿಳಿಯಲು ಇರುವ ದಾರಿ ಒಂದೇ, ಹೋಗಿ ಕೇಳುವುದು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳಲ್ಲಿ ಸಾಮಾನ್ಯ ಜನ, ಮಕ್ಕಳು ಅಷ್ಟು ಸಲೀಸಾಗಿ ಕಾಣುತ್ತಾರಲ್ಲ, ಅದಕ್ಕೆ ಲೆನ್ಸ್ ಕಾರಣವಲ್ಲ, ಅವರು ಜನರ ಜೊತೆ ಬೆರೆತದ್ದು ಕಾರಣ ಎಂದು ನನಗನ್ನಿಸುತ್ತದೆ.

ಇದರಿಂದ ಹೊಟ್ಟೆ ತುಂಬುತ್ತದೆಯೇ?

ಮನೆಯಲ್ಲಿ ಕೇಳುವ ಪ್ರಶ್ನೆ ಇದೇ, ನ್ಯಾಯವಾದದ್ದೇ. ನೇರ ಉತ್ತರ: ಪ್ರಯೋಗದ ಚಿತ್ರಗಳಿಂದ ನನಗೆ ಇದುವರೆಗೆ ಒಂದು ರೂಪಾಯಿಯೂ ಬಂದಿಲ್ಲ. ಆದರೆ ಶಟರನ್ನು ಹಿಡಿತಕ್ಕೆ ತಂದುಕೊಂಡದ್ದರಿಂದ ಮದುವೆ ಮೆರವಣಿಗೆಯ ರಾತ್ರಿ ಚಿತ್ರಗಳನ್ನು ಸ್ಟುಡಿಯೊದವರು ನನಗೇ ಬಿಡುತ್ತಾರೆ. ಈ ಹಾದಿಯಲ್ಲಿ ಮುಂದೆ ಓದಬೇಕೆನ್ನುವವರಿಗೆ ದಾವಣಗೆರೆಯಲ್ಲೇ ದೃಶ್ಯಕಲಾ ಮಹಾವಿದ್ಯಾಲಯವಿದೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ (ಕಾವಾ) ಫೋಟೊಗ್ರಫಿ ಮತ್ತು ಫೋಟೊ ಜರ್ನಲಿಸಂ ಕಲಿಸುತ್ತಾರೆ. ಬೆಂಗಳೂರಿಗೆ ಪರೀಕ್ಷೆಗೋ ಸಂದರ್ಶನಕ್ಕೋ ಹೋದಾಗ ಅರ್ಧ ದಿನ ಉಳಿದರೆ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ ನೋಡಿ ಬನ್ನಿ. 1971ರಲ್ಲಿ ಶುರುವಾದ ಯೂತ್ ಫೋಟೊಗ್ರಫಿಕ್ ಸೊಸೈಟಿಯಂಥ ಹವ್ಯಾಸಿಗಳ ಸಂಘವೂ ಆ ಊರಿನಲ್ಲಿದೆ.

ಶುರು ಮಾಡಲು ಇಷ್ಟು ಸಾಕು. ಮೊಬೈಲಿನ ಪ್ರೊ ಮೋಡ್‌ನಲ್ಲಿ ಐಎಸ್‌ಒ ಅತ್ಯಂತ ಕಡಿಮೆ ಇಡಿ. ಸೂರ್ಯ ಮುಳುಗಿದ ಮೇಲಿನ ಅರ್ಧ ಗಂಟೆ ಆರಿಸಿಕೊಳ್ಳಿ. ಅರ್ಧ ಸೆಕೆಂಡಿನಿಂದ ಎರಡು ಸೆಕೆಂಡಿನವರೆಗೆ ಒಂದೊಂದಾಗಿ ಪ್ರಯತ್ನಿಸಿ. ಟ್ರೈಪಾಡ್ ಇಲ್ಲದಿದ್ದರೆ ಮರಳು ತುಂಬಿದ ಚೀಲದ ಮೇಲೆ ಮೊಬೈಲ್ ಒತ್ತಿ ನಿಲ್ಲಿಸಿ. ಬೆಳಕು ಹೆಚ್ಚಿದ್ದರೆ ಲೆನ್ಸ್ ಮುಂದೆ ಕಪ್ಪು ಕನ್ನಡಕದ ಗಾಜು ಹಿಡಿಯಿರಿ. ಒಂದೇ ಜಾಗ, ಒಂದೇ ಗಂಟೆ, ಮೂರು ವರ್ಷ ತೆಗೆಯಿರಿ. ಡೊಳ್ಳು ಇದ್ದಲ್ಲಿ ಡಿಜೆ ಬಂದದ್ದು, ಬಾರಿಸುತ್ತಿದ್ದ ಹುಡುಗ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋದದ್ದು, ಎತ್ತಿನ ಗಾಡಿಯ ಜಾಗದಲ್ಲಿ ಟಂಟಂ ನಿಂತದ್ದು ತಾನಾಗಿ ದಾಖಲಾಗುತ್ತದೆ. ನಮ್ಮಂಥ ಬಯಲುಸೀಮೆಯ ಊರುಗಳ ಬಗ್ಗೆ ಆಲ್ಬಂ ಮಾಡಲು ಹೊರಗಿನಿಂದ ಯಾರೂ ಬರುವುದಿಲ್ಲ. ಬಂದರೂ ಬರದ ಕಾಲಕ್ಕೆ ಬಂದು ಬಿರುಕು ಬಿಟ್ಟ ಕೆರೆ ತೆಗೆದುಕೊಂಡು ಹೋಗುತ್ತಾರೆ.

ಮುಂದಿನ ಜಾತ್ರೆಗೆ ನೀವೂ ಹೋಗುತ್ತೀರಿ. ತೇರು ಹೊರಡುವಾಗ ಎಲ್ಲರ ಮೊಬೈಲೂ ಮೇಲೇಳುತ್ತದೆ. ನೀವು ಒಂದು ನಿಮಿಷ ಗಾಲಿಯ ಕಡೆ ನೋಡಿ. ಅಲ್ಲಿ ಯಾರೋ ಹಿಂದಕ್ಕೆ ನಡೆಯುತ್ತಿರುತ್ತಾರೆ. ಮೊದಲು ಅವರ ಹೆಸರು ಕೇಳಿ, ಆಮೇಲೆ ಫೋಟೊ ತೆಗೆಯಿರಿ, ಒಂದು ಪ್ರತಿ ಪ್ರಿಂಟ್ ಹಾಕಿಸಿ ಅವರ ಮನೆಗೆ ತಲುಪಿಸಿ.